ಚಿತ್ರದ ಪ್ರೋಗ್ರಾಮಿಂಗ್ ನಿಜಕ್ಕೂ ಸುಲಭವೇ? ಪರೀಕ್ಷಿಸುವುದು ಹೇಗೆ?

ಬಣ್ಣದ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಸಿದ್ಧ! ಅಮೆರಿಕದ ಎಂಐಟಿ 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರಾಚ್ ಇಂಥದ್ದೊಂದು ದೃಶ್ಯ ಪ್ರೋಗ್ರಾಮಿಂಗ್ ಭಾಷೆ. 'ಚಿತ್ರವಿದ್ದರೆ ಎಲ್ಲರಿಗೂ ಸುಲಭ' ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ಸತ್ಯ ಮಾತ್ರ.

ರಬಕವಿ-ಬನಹಟ್ಟಿ ನೇಕಾರರ ಊರು, ಹಾಗಾಗಿ ಮಗ್ಗದ ಉದಾಹರಣೆಯನ್ನೇ ನೋಡೋಣ. ಜಕಾರ್ಡ್ ಮಗ್ಗದ ರಟ್ಟಿನಲ್ಲಿ ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ. ರಟ್ಟು ನೋಡಿ ಯಾವ ವಿನ್ಯಾಸ ಬರುತ್ತದೆ ಎಂದು ಹೇಳುವುದು ಒಂದು ಕೆಲಸ. ಬಟ್ಟೆಯಲ್ಲಿನ ದೋಷ ನೋಡಿ ಯಾವ ರಟ್ಟು ತಪ್ಪಿದೆ ಎಂದು ಹುಡುಕುವುದು ಇನ್ನೊಂದು. ಮೊದಲನೆಯದು ಸುಲಭವಾದ ಮಾತ್ರಕ್ಕೆ ಎರಡನೆಯದೂ ಸುಲಭವಾಗಬೇಕಿಲ್ಲ.

ಥಾಮಸ್ ಗ್ರೀನ್, ಮೇರಿಯನ್ ಪೀಟರ್ ಮತ್ತು ರೇಚಲ್ ಬೆಲ್ಲಮಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡೂ ಬಗೆಯ ಪ್ರಶ್ನೆಗಳಿದ್ದವು. ಲ್ಯಾಬ್‌ವ್ಯೂ ಚಿತ್ರಗಳನ್ನು ಬಳಸಿ ಅನುಭವವಿದ್ದವರೂ ಪಠ್ಯಕ್ಕಿಂತ ಚಿತ್ರವನ್ನು ಓದಲು ಹೆಚ್ಚು ಸಮಯ ತೆಗೆದುಕೊಂಡರು.

ಹಾಗಾದರೆ ನಮ್ಮ ಶಾಲೆಗಳಲ್ಲಿ ಪ್ರಯೋಗ ಮಾಡುವುದು ಹೇಗೆ? ಕೆಲವು ಎಚ್ಚರಿಕೆಗಳು ಬೇಕು.

ಮೊದಲನೆಯದು, ಮಾತಿನ ಭಾಷೆ. ತುಣುಕುಗಳ ಮೇಲೆ ಕನ್ನಡ, ಪಠ್ಯದಲ್ಲಿ ಇಂಗ್ಲಿಷ್ ಇದ್ದರೆ ನಾವು ಅಳೆದದ್ದು ಚಿತ್ರದ ಗುಣವನ್ನೋ ಕನ್ನಡದ ಅನುಕೂಲವನ್ನೋ ತಿಳಿಯುವುದಿಲ್ಲ. ಎರಡೂ ಕಡೆ ಒಂದೇ ಭಾಷೆ ಇರಬೇಕು.

ಎರಡನೆಯದು, ಗುಂಪು. ಜಮಖಂಡಿಯ ಶಾಲೆಗೆ ಚಿತ್ರ, ಮುಧೋಳದ ಶಾಲೆಗೆ ಪಠ್ಯ ಎಂದು ಹಂಚಿದರೆ ಶಿಕ್ಷಕರ, ಕಂಪ್ಯೂಟರ್‌ಗಳ ವ್ಯತ್ಯಾಸವೂ ಫಲಿತಾಂಶದೊಳಗೆ ಸೇರಿಕೊಳ್ಳುತ್ತದೆ. ಪ್ರತಿ ಶಾಲೆಯೊಳಗೇ ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಬೇಕು. ಬೀಳಗಿಯಲ್ಲಿ ಮೌಸ್ ಹಿಡಿದೇ ಇರದ ಮಗುವಿದ್ದರೆ ಅದನ್ನೂ ಮೊದಲೇ ಗುರುತಿಸಿ, ಇಬ್ಬರಿಗೂ ಸಮಾನ ಅಭ್ಯಾಸ ಕೊಡಬೇಕು.

ಮೂರನೆಯದು, ಕೆಲಸ. ಹೊಸದಾಗಿ ಬರೆಯುವುದು, ಓದಿ ಅರ್ಥೈಸುವುದು, ತಪ್ಪು ಹುಡುಕುವುದು, ಇದ್ದದ್ದನ್ನು ಬದಲಿಸುವುದು ಈ ನಾಲ್ಕನ್ನೂ ಬೇರೆಬೇರೆಯಾಗಿ ಅಳೆಯಬೇಕು. 'ಇಷ್ಟವಾಯಿತೇ?' ಎಂಬ ಪ್ರಶ್ನೆಯೊಂದೇ ಸಾಲದು.

ನಾಲ್ಕನೆಯದು, ಸಮಯ. ಹೊಸ ವಸ್ತುವಿನ ಉತ್ಸಾಹ ಬೇಗ ಇಳಿಯುತ್ತದೆ. ಶಿಕಾಗೋದ ಪ್ರೌಢಶಾಲೆಯೊಂದರಲ್ಲಿ ಡೇವಿಡ್ ವೈಂಟ್ರಾಪ್ ಮತ್ತು ಯೂರಿ ವಿಲೆನ್ಸ್ಕಿ ನಡೆಸಿದ ಅಧ್ಯಯನದಲ್ಲಿ ಐದು ವಾರಗಳ ನಂತರ ತುಣುಕು ಬಳಸಿದವರು ಮುಂದಿದ್ದರು. ಎಲ್ಲರೂ ಜಾವಾ ಕಲಿತ ಮುಂದಿನ ಹತ್ತು ವಾರಗಳಲ್ಲಿ ಆ ಅಂತರ ಉಳಿಯಲಿಲ್ಲ. ಆದ್ದರಿಂದ ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಬೇಕು.

ಇಷ್ಟೆಲ್ಲ ಏಕೆ? ಪ್ರಯೋಗ ಕೆಟ್ಟದಾಗಿದ್ದರೆ ದೋಷ ಉಪಕರಣದ್ದಾದರೂ 'ಹಳ್ಳಿ ಮಕ್ಕಳಿಗೆ ಕೋಡಿಂಗ್ ಬರದು' ಎಂಬ ತೀರ್ಮಾನ ಮಕ್ಕಳ ತಲೆಗೆ ಬೀಳುತ್ತದೆ.