ನೀಲಕಂಠ ‘ಬ್ಲೂ ಜೇ’ ಆಗಿದ್ದು ಹೆಂಗ?

1/7
ಶಹಾಪುರದಿಂದ ಸುರಪುರಕ್ಕೆ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ, ಮೊಬೈಲ್ ಬದಿಗಿಟ್ಟು ಸ್ವಲ್ಪ ಹೊತ್ತು ಕರೆಂಟ್ ತಂತಿ ಕಡೆ ನೋಡ್ರಿ. ಹೆಚ್ಚುಕಡಿಮೆ ಪಾರಿವಾಳದ ಗಾತ್ರ, ದಪ್ಪ ತಲೆ, ಮಾಸಿದ ಕಂದು ಎದೆ. ಇದರಲ್ಲೇನೈತಿ ಅಂತ ಅನ್ನಿಸೋ ಹಕ್ಕಿ. ಹೊಲಕ್ಕೆ ಹಾರಿದಾಗ ರೆಕ್ಕೆ ಬಿಚ್ಚುತ್ತೆ ನೋಡಿ, ತಿಳಿನೀಲಿ, ಕಡುನೀಲಿ ಪಟ್ಟೆ ಪಟ್ಟೆ! ಅದೇ ನೀಲಕಂಠ. ಪುಸ್ತಕಗಳಲ್ಲಿ ದಾಸಮಗರೆ ಅಂತಲೂ ಹೆಸರಿದೆ. ನಮ್ಮ ಕರ್ನಾಟಕದ ರಾಜ್ಯ ಪಕ್ಷಿ.

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಮಾತ್ರ ಇದಕ್ಕೆ ‘ಬ್ಲೂ ಜೇ’ ಅಂತಾರೆ. ಸಲೀಂ ಅಲಿಯವರು 1941ರಲ್ಲಿ ಬರೆದ ಹೆಸರಾಂತ ಪಕ್ಷಿ ಪುಸ್ತಕದಲ್ಲೂ ರೋಲರ್ ಅನ್ನೋ ಹೆಸರಿನ ಪಕ್ಕ ಈ ಹೆಸರು ಉಳಿದಿತ್ತು. ಆದರೆ ಇದು ಜೇ ಅಲ್ಲವೇ ಅಲ್ಲ. ಹಾಗಿದ್ರೆ ಈ ಹೆಸರು ಎಲ್ಲಿಂದ ಬಂತು? ಒಂದು ಚಿತ್ರದಿಂದ. ಇವತ್ತಿನ ಸರಣಿ ಅದರ ಕಥೆ.

2/7
ಮೊದಲು ನಿಜವಾದ ಜೇ ಯಾರು ಅಂತ ನೋಡೋಣ. ಯುರೇಷಿಯನ್ ಜೇ ಕಾಗೆ ಕುಟುಂಬದ ಹಕ್ಕಿ. ಯುರೋಪಿನಿಂದ ಜಪಾನಿನವರೆಗೆ ಕಾಡುಗಳಲ್ಲಿ ಇರುತ್ತೆ. ಭಾರತದಲ್ಲಿ ನೋಡಬೇಕಂದ್ರೆ ಹಿಮಾಲಯಕ್ಕೇ ಹೋಗಬೇಕು. ಮೈಯೆಲ್ಲ ಗುಲಾಬಿ ಮಿಶ್ರಿತ ಕಂದು, ರೆಕ್ಕೆಯ ಅಂಚಿನಲ್ಲಿ ಮಾತ್ರ ಕಪ್ಪು ಗೆರೆಗಳಿರೋ ಒಂದು ಸಣ್ಣ ನೀಲಿ ತುಂಡು. ಓಕ್ ಮರದ ಬೀಜಗಳನ್ನ ಚಳಿಗಾಲಕ್ಕಂತ ಮಣ್ಣಲ್ಲಿ ಹೂತಿಡುತ್ತೆ. ತಿನ್ನದೇ ಬಿಟ್ಟ ಬೀಜ ಮೊಳೆತು ಮರವಾಗುತ್ತೆ.

ನೀಲಕಂಠದ ಬಳಗವೇ ಬೇರೆ. ಮಿಂಚುಳ್ಳಿ, ಜೇನುಹಿಡುಕ ಇದರ ದೂರದ ನೆಂಟರು. ಬೀಜ ಹೂಳಲ್ಲ. ಎತ್ತರದಲ್ಲಿ ಕೂತು, ನೆಲದ ಮೇಲಿನ ಮಿಡತೆ, ಜೀರುಂಡೆ, ಸಣ್ಣ ಹಲ್ಲಿಗಳನ್ನ ಹಿಡೀತದೆ. ಗೂಡು ಹಳೇ ಮರದ ಪೊಟರೆಯಲ್ಲಿ. ಇಬ್ಬರಿಗೂ ಸಾಮ್ಯ ಅಂದ್ರೆ ರೆಕ್ಕೆಯ ನೀಲಿ, ಅಷ್ಟೇ.

3/7
ಈಗ ಲಂಡನ್ನಿಗೆ ಹೋಗೋಣ. ಎಲಿಯಾಜರ್ ಆಲ್ಬಿನ್ ಅನ್ನೋ ಚಿತ್ರಕಾರ 1731ರಿಂದ 1738ರ ನಡುವೆ ಪಕ್ಷಿಗಳ ಮೂರು ಸಂಪುಟ ತಂದ. ಚಿತ್ರಗಳನ್ನ ತಾಮ್ರದ ತಗಡಿನಲ್ಲಿ ಕೆತ್ತಿ, ಅಚ್ಚು ಹಾಕಿ, ಆಮೇಲೆ ಕೈಯಿಂದ ಬಣ್ಣ ತುಂಬೋದು. ಮಗಳು ಎಲಿಜಬೆತ್ ಕೂಡ ಅವನ ಜೊತೆ ಕೆಲಸ ಮಾಡಿದಳು. ಆ ಪುಸ್ತಕದಲ್ಲಿ ನಮ್ಮ ನೀಲಕಂಠದ ಚಿತ್ರವಿದೆ. ಕೆಳಗೆ ಕೊಟ್ಟ ಹೆಸರು ‘ಬಂಗಾಳದ ಜೇ’.

ಆಲ್ಬಿನ್ ಭಾರತ ನೋಡಿದವನಲ್ಲ. ಈ ಹಕ್ಕಿ ತಂತಿಯಂಥ ಎತ್ತರದಲ್ಲಿ ಗಂಟೆಗಟ್ಟಲೆ ಕಾಯೋದು, ಮರಿ ಮಾಡೋ ಕಾಲದಲ್ಲಿ ಆಕಾಶದಲ್ಲಿ ಪಲ್ಟಿ ಹೊಡೆಯೋದು ಅವನಿಗೆ ಗೊತ್ತಿರಲಿಲ್ಲ. ತನ್ನ ಊರಲ್ಲಿ ರೆಕ್ಕೆ ನೀಲಿ ಇರೋ ಹಕ್ಕಿ ಅಂದ್ರೆ ಜೇ. ಹಾಗಾಗಿ ಇದೂ ಜೇ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಆ ಚಿತ್ರವನ್ನೇ ನಂಬಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ: ಕಾರ್ವಸ್ ಬೆಂಗಾಲೆನ್ಸಿಸ್. ಕಾರ್ವಸ್ ಅಂದ್ರೆ ಕಾಗೆ! ಅದೇ ಪುಸ್ತಕದಲ್ಲಿ ನಿಜವಾದ ಜೇ ಹಕ್ಕಿಯೂ ಕಾರ್ವಸ್ ಆಗಿಯೇ ಕೂತಿದೆ. ಮುಂದೆ ವಿಜ್ಞಾನಿಗಳು ತಿದ್ದಿ ನೀಲಕಂಠವನ್ನ ಕೊರೇಸಿಯಸ್ ಗುಂಪಿಗೆ ಸೇರಿಸಿದರು. ಜನರ ಬಾಯಲ್ಲಿ ಮಾತ್ರ ‘ಜೇ’ ಇನ್ನೂರು ವರ್ಷ ಉಳೀತು.

4/7
ಇನ್ನು ನಮ್ಮ ಸುರಪುರಕ್ಕೆ ಬರೋಣ. ನಾಯಕ ಅರಸರ ಈ ಊರಿಗೆ ತನ್ನದೇ ಚಿತ್ರಕಲಾ ಶೈಲಿ ಇದೆ ಅನ್ನೋದು ನಿಮಗೆ ಗೊತ್ತೇ ಇದೆ. ಬಂಗಾರದ ಹಾಳೆ, ಸೂಕ್ಷ್ಮ ಗೆರೆ, ದೇವರು, ರಾಜರು. 1841ರಿಂದ 1853ರವರೆಗೆ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕೂಡ ಕೈಯಲ್ಲಿ ಪೆನ್ಸಿಲ್ ಹಿಡಿದವನೇ. ರಾಜನಕೋಳೂರಿನ ಪುರಾತನ ಕಲ್ಲು ಸಮಾಧಿಗಳನ್ನ ಅಳೆದು ಚಿತ್ರ ಬರೆದ. ಇವತ್ತು ಪಕ್ಷಿಧಾಮವಾಗಿರೋ ಬೋನಾಳ ಕೆರೆಯ ಕೆಲಸದಲ್ಲೂ ಅವನ ಹೆಸರಿದೆ.

ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ, ಅವನ ಆತ್ಮಕಥೆ ಅಚ್ಚಾಯ್ತು. ಸುರಪುರ ಇಂಗ್ಲೆಂಡಿನ ಓದುಗರಿಗೆ ಪರಿಚಯ ಆಗಿದ್ದು ಹಿಂಗೆ, ಇಲ್ಲೇ ಹನ್ನೆರಡು ವರ್ಷ ಬದುಕಿದವನೊಬ್ಬನ ಕಣ್ಣಿಂದ. ಆಲ್ಬಿನ್ ಚಿತ್ರಕ್ಕೂ ಟೇಲರ್ ಚಿತ್ರಕ್ಕೂ ಇರೋ ದೊಡ್ಡ ವ್ಯತ್ಯಾಸ ಇದೇ: ಒಬ್ಬ ದೂರದಲ್ಲಿ ಕೂತು ಬರೆದ, ಇನ್ನೊಬ್ಬ ಜಾಗದಲ್ಲೇ ನಿಂತು ಅಳೆದು ಬರೆದ.

5/7
ಚಿತ್ರಕಾರರಿಗೆ ಈ ನೀಲಿ ಯಾವಾಗಲೂ ತಲೆನೋವು. ಯಾಕಂದ್ರೆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ! 1934ರಲ್ಲಿ ಬೆಂಗಳೂರಿನಲ್ಲಿದ್ದ ಸರ್ ಸಿ.ವಿ. ರಾಮನ್ ಇದೇ ಹಕ್ಕಿಯ ಗರಿ ಪರೀಕ್ಷಿಸಿ, ಪಕ್ಷಿಗಳ ಬಣ್ಣದ ಮೂಲದ ಬಗ್ಗೆ ಲೇಖನ ಬರೆದರು. ಗರಿಯ ಒಳಗಿನ ಅತಿ ಸಣ್ಣ ರಚನೆ ಬೆಳಕನ್ನ ಚದುರಿಸಿ ನಮ್ಮ ಕಣ್ಣಿಗೆ ನೀಲಿಯನ್ನ ಕಳಿಸುತ್ತೆ. ಗರಿಯ ಹಿಂದಿನಿಂದ ಬೆಳಕು ಬಂದರೆ ಆ ನೀಲಿ ಮಾಯ. ಜೇ ಹಕ್ಕಿಯ ರೆಕ್ಕೆಯ ನೀಲಿಯೂ ಇದೇ ಥರದ್ದು. ಆಲ್ಬಿನ್‌ನನ್ನ ದಾರಿ ತಪ್ಪಿಸಿದ್ದು ಇಬ್ಬರಲ್ಲೂ ಇರೋ ಈ ಬೆಳಕಿನಾಟವೇ.

ಫೋಟೋ ತೆಗೆಯೋರಿಗೆ ಇದರಲ್ಲಿ ಪಾಠ ಇದೆ: ಸೂರ್ಯ ನಿಮ್ಮ ಬೆನ್ನಿಗಿರಲಿ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅಂಥವರು ಕಪ್ಪು-ಬಿಳುಪು ಫಿಲ್ಮಿನಲ್ಲೇ ಹೆಸರು ಮಾಡಿದವರು. ಅಲ್ಲಿ ಬಣ್ಣದ ಆಸರೆ ಇಲ್ಲ. ಪ್ರಾಣಿ ಏನು ಮಾಡ್ತಿದೆ, ಎಲ್ಲಿದೆ ಅನ್ನೋದೇ ಚಿತ್ರವಾಗಬೇಕು.

6/7
ಈ ನೀಲಿಯೇ ಹಕ್ಕಿಗೆ ಮುಳುವೂ ಆಯ್ತು. ಯುರೋಪಿನ ಹೆಂಗಸರ ಟೋಪಿಗೆ ಗರಿ ಸಿಗಿಸೋ ಫ್ಯಾಷನ್ ಇದ್ದ ಕಾಲದಲ್ಲಿ ಭಾರತದಿಂದ ‘ಬ್ಲೂ ಜೇ’ ಗರಿಗಳು ಹಡಗು ಹತ್ತಿದವು. 1902ರಲ್ಲಿ ಬ್ರಿಟಿಷ್ ಸರ್ಕಾರ ಕಾಡುಹಕ್ಕಿಗಳ ಗರಿ ರಫ್ತಿಗೆ ತಡೆ ಹಾಕ್ತು.

ಟೋಪಿ ಹೋಯ್ತು, ಪಂಜರ ಬಂತು. ನಮ್ಮ ಯಾದಗಿರಿಯ ಗಡಿ ದಾಟಿದರೆ ತೆಲಂಗಾಣ. ಅಲ್ಲಿ ಇದು ಪಾಲಪಿಟ್ಟ, ಅವರಿಗೂ ರಾಜ್ಯ ಪಕ್ಷಿ. ದಸರೆ ದಿನ ಇದನ್ನ ನೋಡಿದರೆ ಒಳ್ಳೇದು ಅನ್ನೋ ನಂಬಿಕೆ ಹಳೇದು. ಹೊಲಕ್ಕೆ ಹೋಗಿ ನೋಡೋ ನಂಬಿಕೆ ಅದು. ಈಗ ಕೆಲವರು ಹಬ್ಬಕ್ಕೆ ಮುಂಚೆಯೇ ಹಕ್ಕಿ ಹಿಡಿದು, ಕಾಲು ಕಟ್ಟಿ, ದುಡ್ಡಿಗೆ ತೋರಿಸ್ತಾರೆ. ಜನ ಸೆಲ್ಫಿ ತಗೊಂಡು ಹಾಕ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯೋದೇ ಅಪರಾಧ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನೋ ಹಬ್ಬದ ದಿನ ರೆಕ್ಕೆ ಮುರಿದ ಹಕ್ಕಿಯ ಫೋಟೋ ಯಾವ ಶುಭ ತರ್ತದೆ, ನೀವೇ ಹೇಳ್ರಿ.

7/7
2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಬಂತು. 942 ಜಾತಿಗಳ ಲೆಕ್ಕ. ಶೇ. 30ಕ್ಕಿಂತ ಹೆಚ್ಚು ಕುಸಿದ ಹಕ್ಕಿಗಳಲ್ಲಿ ನೀಲಕಂಠವೂ ಒಂದು. ಅಪಾಯದ ಪಟ್ಟಿಗೆ ಇದನ್ನ ಮತ್ತೆ ಪರಿಶೀಲಿಸಬೇಕು ಅಂತ ವರದಿ ಹೇಳ್ತು. ಎಲ್ಲೆಡೆ ಕಾಣ್ತದಲ್ಲ ಅಂತ ನಾವು ಲೆಕ್ಕಕ್ಕೇ ಇಡದ ಹಕ್ಕಿ ಇದು.

ಆ ವರದಿ ಹೆಂಗ ಆಯ್ತು ಗೊತ್ತಾ? ಸುಮಾರು 30,000 ಪಕ್ಷಿವೀಕ್ಷಕರು ಇ-ಬರ್ಡ್‌ನಲ್ಲಿ ಬರೆದ 3 ಕೋಟಿ ದಾಖಲೆಗಳಿಂದ. ಅಂದ್ರೆ ನೋಡಿದ ದಿನಾಂಕ, ಜಾಗ, ಎಷ್ಟಿದ್ದವು ಅನ್ನೋ ಮೂರು ಸಾಲಿಗೂ ಬೆಲೆ ಇದೆ.

ಹಂಗಾಗಿ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಕಡೆ, ಬೋನಾಳದ ದಾರಿಯಲ್ಲಿ, ನಿಮ್ಮ ತೊಗರಿ ಹೊಲದ ಬದುವಿನಲ್ಲಿ ನೀಲಕಂಠ ಕಂಡರೆ ದೂರದಿಂದ ತೆಗೀರಿ. ಹುಳ ಎಸೆದು ಕರೀಬ್ಯಾಡ್ರಿ, ಪೊಟರೆ ಹತ್ತಿರ ಹೋಗಬ್ಯಾಡ್ರಿ. ಹಕ್ಕಿ ಚಿಕ್ಕದಾಗಿ ಬಂದ್ರೂ ಪರವಾಗಿಲ್ಲ, ಹೊಲವೂ ತಂತಿಯೂ ಫ್ರೇಮಿನಲ್ಲಿರಲಿ. ಊರು, ತಾರೀಖು ಬರೆದು ಇ-ಬರ್ಡ್‌ಗೂ ಹಾಕ್ರಿ. ಕಟ್ಟಿಹಾಕಿದ ಹಕ್ಕಿಯ ಫೋಟೋ ಕಂಡರೆ ಶೇರ್ ಮಾಡದೆ ಅರಣ್ಯ ಇಲಾಖೆಗೆ ತಿಳಿಸ್ರಿ.

ಲಂಡನ್ನಿನಲ್ಲಿ ಕೂತವನಿಗೆ ಈ ಹಕ್ಕಿ ಜೇ ಥರ ಕಂಡಿತು. ನಿಮ್ಮ ಊರಲ್ಲಿ ಇದನ್ನ ಏನಂತ ಕರೀತಾರೆ? ಮನೆಯ ಹಿರಿಯರನ್ನ ಕೇಳಿ ಕಾಮೆಂಟಿನಲ್ಲಿ ಬರೀರಿ. ಊರಿನ ಹೆಸರು ಹಾಕೋದು ಮರೀಬ್ಯಾಡ್ರಿ.

#ನೀಲಕಂಠ #ಸುರಪುರ #ಶಹಾಪುರ #ಯಾದಗಿರಿ #ಹಕ್ಕಿಚರಿತ್ರೆ