ಬಾನೆಟ್ಟಿನ ಬೀಗದ ಕೀಲಿ

1983ರ ಡಿಸೆಂಬರ್ 14ರಂದು ಇಂಡಿಯನ್ ಏರ್‌ಲೈನ್ಸ್ ನೌಕರ ಹರ್ಪಾಲ್ ಸಿಂಗ್ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಕೈಯಿಂದ ಒಂದು ಕಾರಿನ ಕೀಲಿ ಪಡೆದರು. ಗುಡಗಾಂವ್ ಕಾರ್ಖಾನೆಯಿಂದ ಗಿರಾಕಿಯ ಕೈಸೇರಿದ ಮೊದಲ ಮಾರುತಿ 800 ಅದು. ಬೆಲೆ 47,500 ರೂಪಾಯಿ. ಆ ಸಮಾರಂಭದ ಚಿತ್ರ ಎಲ್ಲರಿಗೂ ಗೊತ್ತು. ಆದರೆ ಸಿಂಗ್ ಆ ಕಾರನ್ನು 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಬಿಟ್ಟುಕೊಡಲಿಲ್ಲ ಎಂಬುದು ಚಿತ್ರದಲ್ಲಿಲ್ಲದ ಕಥೆ. ಕಾರು ಮಾರಾಟವಾಗುವುದು ಒಂದು ದಿನ. ಅದರ ರಿಪೇರಿ ನಡೆಯುವುದು ವರ್ಷಗಟ್ಟಲೆ. ಆ ವರ್ಷಗಳಲ್ಲಿ ಬಾನೆಟ್ ಎತ್ತುವ ಹಕ್ಕು ಯಾರದು? ಈ ಪ್ರಶ್ನೆಯ ಮೇಲೆ ದೆಹಲಿಯಲ್ಲಿ ದೊಡ್ಡದೊಂದು ಕಾನೂನು ಸಮರವೇ ನಡೆಯಿತು.

ಮಾರುತಿಗೆ ಮೊದಲು ಈ ಪ್ರಶ್ನೆ ಇರಲೇ ಇಲ್ಲ ಎನ್ನಬಹುದು. ರಾಜಧಾನಿಯ ರಸ್ತೆಗಳಲ್ಲಿ ಓಡುತ್ತಿದ್ದದ್ದು ಹೆಚ್ಚಾಗಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ದಶಕಗಳು ಕಳೆದರೂ ಇವುಗಳ ಒಳಗಿನ ರಚನೆ ಹೆಚ್ಚು ಬದಲಾಗಲಿಲ್ಲ. ಹೀಗಾಗಿ ಒಬ್ಬ ಉಸ್ತಾದನ ಕೈಕೆಳಗೆ ನಾಲ್ಕು ವರ್ಷ ಸ್ಪ್ಯಾನರ್ ಹಿಡಿದ ಹುಡುಗ ಜೀವನಪೂರ್ತಿ ಅದೇ ವಿದ್ಯೆಯಲ್ಲಿ ಅನ್ನ ಸಂಪಾದಿಸಬಹುದಿತ್ತು. ಕಾರ್ಬುರೇಟರ್ ತೊಳೆಯುವುದು, ಪ್ಲಗ್ ಉಜ್ಜುವುದು, ಪಾಯಿಂಟ್ ಸರಿಪಡಿಸುವುದು ಎಲ್ಲವೂ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕೆಲಸ. ಬಿಡಿಭಾಗ ಬೇಕಾದರೆ ಹಳೆ ದೆಹಲಿಯ ಕಶ್ಮೀರಿ ಗೇಟ್ ಇತ್ತು. ಅಲ್ಲಿನ ಸಾಲು ಅಂಗಡಿಗಳಲ್ಲಿ ಅಸಲಿ ಸಿಗುತ್ತಿತ್ತು, ನಕಲಿಯೂ ಸಿಗುತ್ತಿತ್ತು. ಎರಡರ ವ್ಯತ್ಯಾಸ ತಿಳಿದವನೇ ಒಳ್ಳೆಯ ಮಿಸ್ತ್ರಿ.

ಈ ಲೋಕವನ್ನು ಮೊದಲು ಅಲುಗಾಡಿಸಿದ್ದು ಕಂಪನಿಗಳ ಲಾಭದಾಸೆಯಲ್ಲ, ದೆಹಲಿಯ ಹೊಗೆ. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ವಾಯುಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರ ಏಪ್ರಿಲ್‌ನಲ್ಲಿ ಇನ್ನೂ ಬಿಗಿಯಾದ ಆದೇಶ ಕೊಟ್ಟಿತು: ರಾಜಧಾನಿ ವಲಯದಲ್ಲಿ ನೋಂದಣಿಯಾಗುವ ಖಾಸಗಿ ಕಾರುಗಳು ಅದೇ ಜೂನ್‌ನಿಂದ ಯೂರೋ-1, 2000ದ ಏಪ್ರಿಲ್‌ನಿಂದ ಯೂರೋ-2 ಮಾನದಂಡ ಮುಟ್ಟಬೇಕು. ಕಾರ್ಬುರೇಟರ್‌ನಿಂದ ಅದನ್ನು ಮುಟ್ಟುವುದು ಕಷ್ಟ. ಹೀಗೆ ಇಂಧನವನ್ನು ಅಳೆದು ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್, ಅದನ್ನು ಆಳುವ ಪುಟ್ಟ ಕಂಪ್ಯೂಟರ್ ಸಾಮಾನ್ಯರ ಕಾರಿಗೂ ಬಂದವು.

ಊರಿನ ಗಾಳಿಗೆ ಇದರಿಂದ ಒಳ್ಳೆಯದಾಯಿತು. ಆದರೆ ಮಿಸ್ತ್ರಿಯ ಕಿವಿಗೆ ಕೇಳುತ್ತಿದ್ದ ದೋಷ ಈಗ ಒಂದು ಕೋಡ್ ಆಗಿ ಕಂಪ್ಯೂಟರಿನೊಳಗೆ ಕೂತಿತು. ಅದನ್ನು ಓದಲು ಯಂತ್ರ ಬೇಕು, ಅರ್ಥಮಾಡಿಕೊಳ್ಳಲು ಕಂಪನಿಯ ಕೈಪಿಡಿ ಬೇಕು. ಎರಡೂ ಇದ್ದದ್ದು ಅಧಿಕೃತ ಸರ್ವಿಸ್ ಸೆಂಟರಿನ ಗಾಜಿನ ಗೋಡೆಯ ಆಚೆಗೆ.

2011ರ ಜನವರಿಯಲ್ಲಿ ಶಂಶೇರ್ ಕಟಾರಿಯಾ ಎಂಬವರು ದೆಹಲಿಯಲ್ಲಿರುವ ಭಾರತೀಯ ಸ್ಪರ್ಧಾ ಆಯೋಗಕ್ಕೆ ಒಂದು ದೂರು ಕೊಟ್ಟರು. ಹೋಂಡಾ, ಫೋಕ್ಸ್‌ವ್ಯಾಗನ್, ಫಿಯೆಟ್ ಕಂಪನಿಗಳ ಅಸಲಿ ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲ, ದೋಷ ಪತ್ತೆಯ ಉಪಕರಣ ಮತ್ತು ತಾಂತ್ರಿಕ ಮಾಹಿತಿ ಹೊರಗಿನ ಗ್ಯಾರೇಜಿಗೆ ದಕ್ಕುತ್ತಿಲ್ಲ, ಹಾಗಾಗಿ ಕಾರಿನ ಒಡೆಯ ಡೀಲರ್ ಹೇಳಿದ ಬೆಲೆ ತೆರಬೇಕಾಗಿದೆ ಎಂಬುದು ದೂರಿನ ತಿರುಳು. ಆಗ ಆಯೋಗವೇ ಎಳೆಯದು; ಸ್ಪರ್ಧಾ ಕಾಯ್ದೆ 2002ರದ್ದಾದರೂ ಅದರ ಮುಖ್ಯ ಕಲಮುಗಳು ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ತನಿಖೆ ಶುರುವಾದ ಮೇಲೆ ಈ ಪದ್ಧತಿ ಮೂರು ಕಂಪನಿಗಳದ್ದಷ್ಟೇ ಅಲ್ಲ ಎಂದು ಕಂಡು, ಅದನ್ನು ಉಳಿದ ಕಾರು ತಯಾರಕರಿಗೂ ವಿಸ್ತರಿಸಲಾಯಿತು.

ತನಿಖೆಯಲ್ಲಿ ಹೊರಬಿದ್ದ ವ್ಯವಸ್ಥೆ ಸರಳವಾಗಿತ್ತು. ಕಾರಿನ ಬಹಳಷ್ಟು ಭಾಗಗಳನ್ನು ಕಾರು ಕಂಪನಿ ತಾನೇ ತಯಾರಿಸುವುದಿಲ್ಲ. ಬೇರೆ ಕಾರ್ಖಾನೆಗಳು ಮಾಡಿಕೊಡುತ್ತವೆ. ಹಾಗೆ ಮಾಡಿಕೊಡುವವರು ಅದೇ ಭಾಗವನ್ನು ನೇರವಾಗಿ ಪೇಟೆಗೆ ಮಾರದಂತೆ ಒಪ್ಪಂದಗಳು ಕಟ್ಟಿಹಾಕಿದ್ದವು. ಅಧಿಕೃತ ಡೀಲರುಗಳೂ ಹೊರಗಿನ ಗ್ಯಾರೇಜಿಗೆ ಬಿಡಿಭಾಗ ಕೊಡುವಂತಿರಲಿಲ್ಲ. ಇದರ ಮೇಲೆ, ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದು ಎಂಬ ಬೆದರಿಕೆ. ಹೀಗೆ ಮೂರು ಕಡೆಯಿಂದ ಬಾಗಿಲು ಮುಚ್ಚಿದಾಗ ಗಿರಾಕಿಗೆ ಉಳಿದದ್ದು ಒಂದೇ ದಾರಿ.

ಕಂಪನಿಗಳ ವಾದವನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ನಕಲಿ ಬ್ರೇಕ್ ಪ್ಯಾಡ್ ಜೀವ ತೆಗೆಯುತ್ತದೆ. ತರಬೇತಿ ಇಲ್ಲದವನ ಕೈಗೆ ಏರ್‌ಬ್ಯಾಗ್ ಕೊಡುವುದು ಅಪಾಯ. ಬಿಡಿಭಾಗದ ವಿನ್ಯಾಸ ನಮ್ಮ ಬೌದ್ಧಿಕ ಸ್ವತ್ತು. ಇನ್ನೊಂದು ಮಾತು ಇನ್ನೂ ಸೂಕ್ಷ್ಮವಾಗಿತ್ತು: ಕಾರು ಕೊಳ್ಳುವವನು ಕೊಳ್ಳುವ ಮುಂಚೆಯೇ ಅದರ ಪೂರ್ತಿ ಆಯುಸ್ಸಿನ ಖರ್ಚನ್ನು ಲೆಕ್ಕಹಾಕುತ್ತಾನೆ, ರಿಪೇರಿ ದುಬಾರಿಯಾದರೆ ಬೇರೆ ಕಂಪನಿಗೆ ಹೋಗುತ್ತಾನೆ, ಆದ್ದರಿಂದ ಸ್ಪರ್ಧೆ ಇದ್ದೇ ಇದೆ.

ಆಯೋಗ ಇದನ್ನು ಒಪ್ಪಲಿಲ್ಲ. ಬಿಡಿಭಾಗದ ಬೆಲೆಯನ್ನೇ ಮೊದಲು ತಿಳಿಯದ ಗಿರಾಕಿ ಪೂರ್ತಿ ಆಯುಸ್ಸಿನ ಖರ್ಚನ್ನು ಲೆಕ್ಕ ಹಾಕುವುದಾದರೂ ಹೇಗೆ? ಒಂದು ಕಂಪನಿಯ ಕಾರು ಕೊಂಡ ಮೇಲೆ ಇನ್ನೊಂದರ ಬಿಡಿಭಾಗ ಅದಕ್ಕೆ ಕೂರುವುದಿಲ್ಲ. ಆದ್ದರಿಂದ ಪ್ರತಿ ಕಂಪನಿಯೂ ತನ್ನ ಕಾರಿನ ಬಿಡಿಭಾಗದ ಮಟ್ಟಿಗೆ ಏಕಸ್ವಾಮಿಯೇ. ಸುರಕ್ಷತೆಯ ಚಿಂತೆ ನಿಜವಾದದ್ದಾದರೆ ಅದಕ್ಕೆ ಪರಿಹಾರ ಮೆಕ್ಯಾನಿಕ್‌ಗಳಿಗೆ ತರಬೇತಿ, ಬಾಗಿಲು ಮುಚ್ಚುವುದಲ್ಲ. 2014ರ ಆಗಸ್ಟ್ 25ರಂದು ಹೊರಬಿದ್ದ ಆದೇಶದಲ್ಲಿ ಹದಿನಾಲ್ಕು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಬಿತ್ತು. ಟಾಟಾ ಮೋಟಾರ್ಸ್‌ನ ಪಾಲು 1,346.46 ಕೋಟಿ, ಮಾರುತಿಯದು 471.14 ಕೋಟಿ, ನಮ್ಮ ಬಿಡದಿಯಲ್ಲಿ ಕಾರು ಕಟ್ಟುವ ಟೊಯೋಟಾ ಕಿರ್ಲೋಸ್ಕರ್‌ನದು 93.38 ಕೋಟಿ. ಪಟ್ಟಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕೂಡ ಇತ್ತು. ಯಾವ ಮಿಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲ ಅಂಬಾಸಿಡರ್‌ನ ಉತ್ಪಾದನೆ ಅದೇ ವರ್ಷದ ಮೇ ತಿಂಗಳಲ್ಲಷ್ಟೇ ನಿಂತಿತ್ತು. 2015ರಲ್ಲಿ ಹ್ಯುಂಡೈಗೂ ಪ್ರತ್ಯೇಕವಾಗಿ 420 ಕೋಟಿಯ ದಂಡ ಬಂತು.

ದಂಡಕ್ಕಿಂತ ಮುಖ್ಯವಾದದ್ದು ಆಯೋಗ ಕೊಟ್ಟ ನಿರ್ದೇಶನಗಳು. ಬಿಡಿಭಾಗ, ದೋಷ ಪತ್ತೆಯ ಉಪಕರಣ, ಕೈಪಿಡಿಗಳು ಹೊರಗಿನ ಗ್ಯಾರೇಜಿಗೂ ಸಿಗಬೇಕು. ಮಾಡಿಕೊಡುವ ಕಾರ್ಖಾನೆಗಳು ಪೇಟೆಗೆ ಮಾರಲು ಅಡ್ಡಿ ಇರಬಾರದು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವಂತಿಲ್ಲ; ಆ ರಿಪೇರಿಯಿಂದಲೇ ಆದ ಹಾನಿಯ ಮಟ್ಟಿಗೆ ಕಂಪನಿ ತನ್ನನ್ನು ಕಾಪಾಡಿಕೊಳ್ಳಬಹುದು.

ಆಮೇಲಿನ ಕಥೆ ನ್ಯಾಯಾಲಯಗಳ ಮೆಟ್ಟಿಲಿನದು. ಮೇಲ್ಮನವಿ ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಟೊಯೋಟಾ, ಫೋರ್ಡ್, ನಿಸಾನ್ ವಿರುದ್ಧದ ತೀರ್ಮಾನವನ್ನು ಎತ್ತಿಹಿಡಿಯಿತು, ಆದರೆ ದಂಡವನ್ನು ಇಡೀ ವಹಿವಾಟಿನ ಬದಲು ಬಿಡಿಭಾಗದ ವಹಿವಾಟಿನ ಮೇಲೆ ಲೆಕ್ಕಹಾಕಿ ಇಳಿಸಿತು. ಉಳಿದ ಹಲವು ಕಂಪನಿಗಳು ಕಾಯ್ದೆಯ ಸಿಂಧುತ್ವವನ್ನೇ ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋದವು. 2019ರ ಏಪ್ರಿಲ್‌ನಲ್ಲಿ ಬಂದ ತೀರ್ಪು ಆಯೋಗದ ಅಧ್ಯಕ್ಷರ ನಿರ್ಣಾಯಕ ಮತದ ಕಲಮನ್ನು ರದ್ದುಮಾಡಿ, ಕಾಯ್ದೆಯ ಮುಖ್ಯ ಚೌಕಟ್ಟನ್ನು ಉಳಿಸಿತು. ಎಂಟು ವರ್ಷ ಎಂದರೆ ದೆಹಲಿಯಲ್ಲಿ ಒಂದು ಡೀಸೆಲ್ ಕಾರಿನ ಹೆಚ್ಚುಕಡಿಮೆ ಪೂರ್ತಿ ಆಯುಸ್ಸು.

ಆ ಹೋಲಿಕೆ ಸುಮ್ಮನೆ ಬಂದದ್ದಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೆ ಹಾಕಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಜಾರಿಮಾಡಲು ಹೇಳಿತು. ಅದರ ಸುತ್ತ ಆಮೇಲೂ ವ್ಯಾಜ್ಯ ನಡೆಯಿತು. ಆಯುಸ್ಸಿಗೆ ಗಡಿ ಬಿದ್ದ ಮೇಲೆ ರಿಪೇರಿಯ ಲೆಕ್ಕವೂ ಬದಲಾಗುತ್ತದೆ. ಎಂಟು ವರ್ಷದ ಡೀಸೆಲ್ ಕಾರಿಗೆ ದುಬಾರಿ ಅಧಿಕೃತ ಭಾಗ ಹಾಕಿಸಬೇಕೇ, ನಂಬಿಕಸ್ತ ಗ್ಯಾರೇಜಿನಲ್ಲಿ ಇನ್ನೆರಡು ವರ್ಷ ದೂಡಬೇಕೇ? ಗಾಳಿಯ ಸಲುವಾಗಿ ಬಂದ ಕಂಪ್ಯೂಟರ್ ಮಿಸ್ತ್ರಿಯನ್ನು ಹೊರಗೆ ನಿಲ್ಲಿಸಿತ್ತು; ಅದೇ ಗಾಳಿಯ ಸಲುವಾಗಿ ಬಂದ ಗಡಿ ಒಡೆಯನನ್ನು ಮತ್ತೆ ಮಿಸ್ತ್ರಿಯ ಬಳಿಗೆ ಕಳಿಸುತ್ತಿದೆ.

ಈ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದ 1975ರ ವಾರಂಟಿ ಕಾಯ್ದೆ, ಕಂಪನಿಯದೇ ಬಿಡಿಭಾಗ ಅಥವಾ ಸೇವೆಯನ್ನು ಹಣ ಕೊಟ್ಟು ಬಳಸಬೇಕೆಂದು ವಾರಂಟಿಯನ್ನು ಅದಕ್ಕೆ ಗಂಟುಹಾಕುವುದನ್ನು ಸಾಮಾನ್ಯವಾಗಿ ತಡೆಯುತ್ತದೆ. ಮ್ಯಾಸಚೂಸೆಟ್ಸ್‌ನ ಮತದಾರರು 2012ರಲ್ಲಿ ಕಾರು ರಿಪೇರಿಯ ಹಕ್ಕಿಗೆ ಮತ ಹಾಕಿದರು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿ, ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ.

ವಾರಂಟಿ ಇರುವವರೆಗೆ ಡೀಲರ್, ಮುಗಿದ ಮೇಲೆ ಪರಿಚಯದ ಗ್ಯಾರೇಜ್ ಎಂಬುದು ಅನೇಕ ಮನೆಗಳ ಸೂತ್ರ. ಅದರಲ್ಲಿ ವಿವೇಕವಿದೆ. ಪುಕ್ಕಟೆ ಸರ್ವಿಸ್, ಕಂಪನಿಯ ಹೊಣೆಯ ದೋಷ, ಸಾಫ್ಟ್‌ವೇರ್ ಬದಲಾವಣೆಗೆ ಡೀಲರೇ ಸರಿ. ಆಯಿಲ್, ಬ್ರೇಕ್, ಕ್ಲಚ್, ಸಸ್ಪೆನ್ಷನ್ ಕೆಲಸಕ್ಕೆ ಕೈ ಪಳಗಿದ ಮೆಕ್ಯಾನಿಕ್ ಸಾಕು, ಹಾಕುವ ಭಾಗ ಅಸಲಿಯಾಗಿದ್ದು ಬಿಲ್ ಕೈಯಲ್ಲಿದ್ದರೆ. ಆದರೆ ಎರಡು ಬಾಗಿಲು ತೆರೆದಿದ್ದರೆ ಮಾತ್ರ ಅದು ಆಯ್ಕೆ. ಒಂದಕ್ಕೆ ಬೀಗ ಹಾಕಿ ಇನ್ನೊಂದನ್ನು ಆರಿಸಿಕೊಳ್ಳಿ ಎನ್ನುವುದು ವ್ಯಾಪಾರವಲ್ಲ. ಹರ್ಪಾಲ್ ಸಿಂಗ್ ಕೈಗೆ ಬಂದ ಕೀಲಿ ಬಾಗಿಲು ತೆರೆಯಿತು, ಎಂಜಿನ್ ಹೊತ್ತಿಸಿತು. ಬಾನೆಟ್ಟಿನ ಒಳಗಿನ ಬೀಗಕ್ಕೂ ಒಂದು ಕೀಲಿ ಬೇಕಾಗುತ್ತದೆ ಎಂದು ಅಂದು ಯಾರೂ ಎಣಿಸಿರಲಿಲ್ಲ.