ಏಳು ವರ್ಷದ ಮಗುವಿಗೆ ಕ್ಷಮೆಯ ಪಾಠ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆ ಎಂದರೆ ಹೊರಗಿನವರಿಗೆ ನೆನಪಾಗುವುದು ಶಾರದಾ ಪೀಠ, ಕಿಗ್ಗದ ಋಷ್ಯಶೃಂಗ, ಸಿರಿಮನೆಯ ಜಲಪಾತ. ಇದೇ ಸೀಮೆಯ ಕಾಫಿ, ಅಡಿಕೆ ತೋಟಗಳ ನಡುವೆ ಕ್ರೈಸ್ತರ ಎರಡು ಬೇರೆ ಬೇರೆ ಪರಂಪರೆಗಳೂ ನೆಲೆಯೂರಿವೆ. ಒಂದು, ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕರದು. ಇನ್ನೊಂದು, ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತಮುತ್ತ ಬೇಸಾಯಕ್ಕೆ ನಿಂತ ಸಿರಿಯನ್ ಕ್ರೈಸ್ತರದು. ಅವರಲ್ಲಿ ಯಾಕೋಬಾಯ ಸಭೆಯವರೂ ಇದ್ದಾರೆ. ದೇವರು ಪಾಪ ಕ್ಷಮಿಸುತ್ತಾನೆ ಎಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಆದರೆ ಮಗುವನ್ನು ಆ ಕ್ಷಮೆಯ ಹತ್ತಿರ ಕರೆದೊಯ್ಯುವ ಕ್ರಮ ಬೇರೆ. ಕೊಂಕಣಿ ಕ್ಯಾಥೊಲಿಕರ ಮಗು ಏಳೆಂಟು ವರ್ಷಕ್ಕೆ ಮೊದಲ ಪಾಪನಿವೇದನೆ ಮಾಡಿ, ಆಮೇಲೆ ಮೊದಲ ಪರಮಪ್ರಸಾದ ಪಡೆಯುತ್ತದೆ. ಯಾಕೋಬಾಯ ಕೂಸಿಗೆ ಜ್ಞಾನಸ್ನಾನದ ಹೊತ್ತಿಗೇ ಮೂರೋನ್ ಎಂಬ ಪವಿತ್ರ ತೈಲದ ಅಭಿಷೇಕವಾಗುತ್ತದೆ, ಪ್ರಸಾದವೂ ಸಿಗುತ್ತದೆ. ಪಾಪನಿವೇದನೆ ಬರುವುದು ಬುದ್ಧಿ ಬಲಿತ ಮೇಲೆ. ಈ ಎರಡು ಕ್ರಮಗಳ ಇತಿಹಾಸವನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಮಗುವಿಗೆ ಮೊದಲು ಕಲಿಸಬೇಕಾದದ್ದು ಕ್ಷಮಿಸುವವನನ್ನು, ತಪ್ಪುಗಳ ಪಟ್ಟಿ ಅದರ ನಂತರದ್ದು.

ಕೂಸಿಗೂ ಪ್ರಸಾದ ಕೊಡುವ ವಾಡಿಕೆ ಒಂದು ಕಾಲಕ್ಕೆ ಪಶ್ಚಿಮದ ಸಭೆಯಲ್ಲೂ ಇತ್ತು. ಅಲ್ಲಿ ಅದು ಕ್ರಮೇಣ ನಿಂತುಹೋಯಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ವಿವೇಕದ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ ಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತು. ಆ ವಯಸ್ಸು ಯಾವುದು ಎಂಬುದರ ಮೇಲೆ ಮುಂದಿನ ಶತಮಾನಗಳಲ್ಲಿ ಜಗ್ಗಾಟ ನಡೆಯಿತು. ಎಷ್ಟೋ ಕಡೆ ಮಕ್ಕಳು ಪ್ರಸಾದಕ್ಕಾಗಿ ಹತ್ತು, ಹನ್ನೆರಡು, ಹದಿನಾಲ್ಕು ವರ್ಷದವರೆಗೂ ಕಾಯಬೇಕಿತ್ತು. ಪೋಪ್ ಹತ್ತನೆಯ ಪಯಸ್ ಕಾಲದ 1910ರ ಆಗಸ್ಟ್ 8ರ ಆಜ್ಞೆ ನಿವೇದನೆ, ಪ್ರಸಾದ ಎರಡಕ್ಕೂ ವಯಸ್ಸನ್ನು ಸುಮಾರು ಏಳಕ್ಕೆ ನಿಲ್ಲಿಸಿತು. ಮಕ್ಕಳ ನಿವೇದನೆಯನ್ನು ಕೇಳದಿರುವ, ಕೇಳಿದರೂ ಕ್ಷಮಾಪಣೆಯ ಮಾತು ಹೇಳದೆ ಕಳಿಸುವ ರೂಢಿಯನ್ನೂ ಅದು ಖಂಡಿಸಿತು. ಎಂದರೆ, ಏಳರ ವಯಸ್ಸು ಗೊತ್ತಾದದ್ದು ಮಗುವಿನ ಮೇಲೆ ಹೊರೆ ಹೊರಿಸುವುದಕ್ಕಲ್ಲ, ಮುಚ್ಚಿದ್ದ ಬಾಗಿಲು ತೆರೆಯುವುದಕ್ಕೆ.

ಮಲೆನಾಡಿಗೆ ಬಂದ ಕೊಂಕಣಿ ಕುಟುಂಬಗಳ ಬೆನ್ನಿಗೆ ಇನ್ನೊಂದು ಇತಿಹಾಸವೂ ಇತ್ತು. ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ಧರ್ಮೋಪದೇಶದ ಪುಸ್ತಕ 1622ರಲ್ಲಿ ಗೋವೆಯ ರಾಯತೂರಿನಲ್ಲಿ ಅಚ್ಚಾಯಿತು. ಅದು ಪ್ರಶ್ನೋತ್ತರ ರೂಪದ್ದು. 'ದೊತೊರ್ನ್' ಎಂದು ಮನೆಮಾತಾದ ಪಾಠ ಈ ಬಾಯಿಪಾಠದ ಪರಂಪರೆಯದೇ. ಇದನ್ನು ಹಗುರವಾಗಿ ಕಾಣಬಾರದು. 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಗುರುಗಳನ್ನು ಹೊರಗಟ್ಟಲಾಯಿತು, ಚರ್ಚುಗಳು ಉರುಳಿದವು. ಸೆರೆ ಮುಗಿದದ್ದು 1799ರಲ್ಲಿ. ಗುರುವಿಲ್ಲದೆ ಕುಮ್ಸಾರ್, ಎಂದರೆ ಪಾಪನಿವೇದನೆ, ಇಲ್ಲ. ತಾಯಿಯ ಬಾಯಿಂದ ಮಗುವಿನ ಬಾಯಿಗೆ ದಾಟುವ ಪ್ರಾರ್ಥನೆಗೆ ಗುರು ಬೇಕಿಲ್ಲ. ಆದರೆ ಅದೇ ಬಾಯಿಪಾಠ ಪಾಪದ ವಿಷಯಕ್ಕೆ ಬಂದಾಗ ಎಡವುತ್ತದೆ. ಮಗು ಮೊಣಕಾಲೂರಿ ಶಿಲುಬೆಯ ಗುರುತು ಹಾಕುತ್ತದೆ, ತಪ್ಪುಗಳನ್ನು ಹೇಳುತ್ತದೆ, ಪಶ್ಚಾತ್ತಾಪದ ಪ್ರಾರ್ಥನೆ ಒಪ್ಪಿಸುತ್ತದೆ. ಗುರು ಒಂದೆರಡು ಜಪವನ್ನು ಪ್ರಾಯಶ್ಚಿತ್ತವಾಗಿ ಕೊಟ್ಟು, ಕೈಯೆತ್ತಿ ಕ್ಷಮಾಪಣೆಯ ಮಾತು ನುಡಿಯುತ್ತಾರೆ. ಇಷ್ಟರಲ್ಲಿ ಮಗುವಿನ ಲಕ್ಷ್ಯವೆಲ್ಲ ಎರಡನೆಯ ಹಂತದ ಮೇಲೇ ನೆಟ್ಟಿದ್ದರೆ, ಹೇಳಲು ತಪ್ಪು ಸಿಗದಾಗ ಅದು ತಪ್ಪನ್ನು ಕಟ್ಟಿ ಹೇಳುತ್ತದೆ. ಕ್ಷಮೆಯ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ.

ಇದಕ್ಕೆ ಉತ್ತರ ಸುವಾರ್ತೆಯಲ್ಲೇ ಇದೆ. ಲೂಕನ ಹದಿನೈದನೆಯ ಅಧ್ಯಾಯದಲ್ಲಿ ಕಳೆದುಹೋದ ಮಗ ಹೇಳಬೇಕಾದದ್ದನ್ನೆಲ್ಲ ಮೊದಲೇ ಜೋಡಿಸಿಕೊಂಡು ಬರುತ್ತಾನೆ. ಅವನು ಬಾಯಿ ತೆರೆಯುವ ಮೊದಲೇ ತಂದೆ ಓಡಿ ಬಂದು ತಬ್ಬಿಕೊಳ್ಳುತ್ತಾನೆ, ಆ ಮಾತು ಪೂರ್ತಿಯಾಗಲೂ ಬಿಡುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1973ರಲ್ಲಿ ಬಂದ ಹೊಸ ವಿಧಿಯೂ ಇದೇ ಕ್ರಮದ್ದು: ಮೊದಲು ಗುರುವಿನ ಸ್ವಾಗತ, ದೇವರ ವಾಕ್ಯ, ಆಮೇಲೆ ನಿವೇದನೆ. ಈ ಬದಲಾವಣೆ ಬರುವ ಹೊತ್ತಿಗೆ ಅದನ್ನು ಜನರಿಗೆ ತಲುಪಿಸಬಲ್ಲ ನೆಲೆಗಳೂ ಸಿದ್ಧವಿದ್ದವು: ಇಲ್ಲಿ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರೂಪುಗೊಂಡಿತ್ತು; 1967ರಲ್ಲಿ ಬೆಂಗಳೂರಿನಲ್ಲಿ ಗುರು ಅಮಲೋರ್ಪವದಾಸರ ಮುಂದಾಳುತನದಲ್ಲಿ ಬೈಬಲ್, ಧರ್ಮೋಪದೇಶ, ಆರಾಧನೆಗಳಿಗೆ ರಾಷ್ಟ್ರೀಯ ಕೇಂದ್ರವೂ ಹುಟ್ಟಿತ್ತು.

ಮೊದಲೇ ಕ್ಷಮೆ ಎಂದುಬಿಟ್ಟರೆ ಮಕ್ಕಳು ಸಡಿಲವಾಗುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಕ್ಷಮೆ ಸಿಕ್ಕ ಮಾತ್ರಕ್ಕೆ ಹಾನಿ ತುಂಬಿಕೊಡುವ ಹೊಣೆ ಹೋಗುವುದಿಲ್ಲ. ಯೇಸು ತಾನಾಗಿಯೇ ಮನೆಗೆ ಬರುತ್ತೇನೆಂದ ಮೇಲೆಯೇ ಸುಂಕದವನಾದ ಜಕ್ಕಾಯ ವಂಚಿಸಿದ್ದಕ್ಕೆ ನಾಲ್ಕರಷ್ಟು ತೆರಲು ಮುಂದಾದದ್ದು. ಪ್ರೀತಿ ಅವನನ್ನು ಸಡಿಲ ಮಾಡಲಿಲ್ಲ, ನೆಟ್ಟಗೆ ಮಾಡಿತು. ಗೆಳೆಯನ ಪೆನ್ಸಿಲ್ ಎತ್ತಿಟ್ಟುಕೊಂಡ ಮಗು ಜಪ ಮುಗಿಸಿದರೆ ಸಾಲದು, ಪೆನ್ಸಿಲನ್ನೂ ಹಿಂದಿರುಗಿಸಬೇಕು. ಇನ್ನು ಕೆಲವರದು ತದ್ವಿರುದ್ಧ ಆಕ್ಷೇಪ: ಏಳು ವರ್ಷದ ಎಳೆಯ ಜೀವಕ್ಕೆ ಪಾಪದ ಮಾತೇ ಬೇಡ. ಮೊದಲು ಪ್ರಸಾದ ಕೊಟ್ಟು ನಿವೇದನೆಯನ್ನು ಮುಂದೂಡುವ ಪ್ರಯೋಗಗಳು ಕೆಲವು ದೇಶಗಳಲ್ಲಿ ನಡೆದವು; 1973ರ ಮೇ ತಿಂಗಳಲ್ಲಿ ರೋಮ್ ಅವನ್ನು ನಿಲ್ಲಿಸಿತು. ಈ ಆಕ್ಷೇಪದ ಹಿಂದಿನ ಕಾಳಜಿ ನಿಜ, ಪರಿಹಾರ ಮಾತ್ರ ಸರಿಯಲ್ಲ. ಆ ವಯಸ್ಸಿನ ಮಗುವಿಗೆ ತಪ್ಪಿನ ಅಳುಕು ಆಗಲೇ ಗೊತ್ತಿರುತ್ತದೆ. ನಾವು ಮಾತಾಡದಿದ್ದರೆ ಅಳುಕು ಹೋಗುವುದಿಲ್ಲ, ಮಗು ಒಂಟಿಯಾಗಿ ಅದನ್ನು ಹೊರುತ್ತದೆ.

ಆದ್ದರಿಂದ ನರಸಿಂಹರಾಜಪುರದ ಎರಡು ಪರಂಪರೆಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ತಳ್ಳಬೇಕಿಲ್ಲ. ಕೂಸನ್ನು ಏನೂ ಕೇಳದೆ ಒಳಗೆ ಕರೆದುಕೊಳ್ಳುವುದನ್ನು ಒಂದು ಕಲಿಸಿದರೆ, ಬೆಳೆಯುವ ಮಗು ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಘನತೆಯನ್ನು ಇನ್ನೊಂದು ಕಲಿಸುತ್ತದೆ. ಈ ಎರಡೂ ಪರಂಪರೆಗಳ ಹೊರಗಿನ ಸುಧಾರಕ ಲೂಥರ್ 1529ರಲ್ಲಿ ತನ್ನ ಚಿಕ್ಕ ಧರ್ಮೋಪದೇಶವನ್ನು ಮನೆಯ ಯಜಮಾನ ಮಕ್ಕಳಿಗೆ ಕಲಿಸಲೆಂದು ಬರೆದ. ಮಗುವಿಗೆ ಕಲಿಸುವ ಹೊಣೆ ಮನೆಯದು ಎಂಬ ಅವನ ಈ ಮಾತು ಎಲ್ಲ ಸಭೆಗಳಿಗೂ ಸಲ್ಲುತ್ತದೆ. ಭಾನುವಾರದ ಒಂದು ಗಂಟೆಯ ತರಗತಿ ಹೆಸರುಗಳನ್ನು, ಪ್ರಾರ್ಥನೆಗಳನ್ನು ಕಲಿಸಬಲ್ಲದು. ಕ್ಷಮೆ ಎಂದರೇನೆಂದು ಮಗುವಿಗೆ ತಿಳಿಯುವುದು ಅಪ್ಪ ಅಮ್ಮ ಬೈದ ಮೇಲೂ ಪಕ್ಕದಲ್ಲಿ ಕೂರಿಸಿಕೊಂಡು ಊಟ ಬಡಿಸಿದಾಗ, ತಮ್ಮದೇ ತಪ್ಪಾದಾಗ ಮಗುವಿನ ಮುಂದೆ ಒಪ್ಪಿಕೊಂಡಾಗ. ಅದನ್ನು ಮನೆಯಲ್ಲಿ ಕಂಡ ಮಗುವಿಗೆ ಚರ್ಚಿನಲ್ಲಿ ಗುರು ಹೇಳುವ ಮಾತು ನಂಬುವಂತೆ ಕೇಳಿಸುತ್ತದೆ.